ಇಟ್ಟಿಗೆ ಚೂರಿನ ಬೀಮು

"ಹಳೇ ಟಾಕೀಸಿಂದು ಅಕ್ಕಾ, ಇನ್ನೂ ಒಂದು ಲೋಡಿದೆ," ಎಂದು ಡ್ರೈವರು ಲಾರಿಯ ಹಿಂಬದಿಯ ಕೊಂಡಿ ತೆಗೆದ. ಒಡೆದ ಇಟ್ಟಿಗೆಗಳು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದ ಹಿತ್ತಲಿಗೆ ದಡದಡ ಸುರಿದವು. ಚೀಟಿಗೆ ಸಹಿ ಹಾಕುತ್ತಿದ್ದ ಅಟೆಂಡರ್ ಒಂದು ಕ್ಷಣ ಪೆನ್ನೆತ್ತಿದಳು, ಆಮೇಲೆ ಸಹಿ ಮುಗಿಸಿದಳು. ಒಂದೂವರೆ ತಿಂಗಳ ಹಿಂದೆ ಆ ಟಾಕೀಸು ಕೆಡವುವಾಗ ಗೋಡೆ ಕುಸಿದೇ ಅವಳ ಗಂಡ ಸತ್ತದ್ದು. ಗಾರೆ ಕೆಲಸದವನು.

ಜಲ್ಲಿಯ ಬದಲು ಇಟ್ಟಿಗೆ ಚೂರು ಹಾಕಿ ಹಗುರವಾದ ಕಾಂಕ್ರೀಟ್ ಬೀಮು ಮಾಡಲು ಹೊರಟಿದ್ದ ಸಂಶೋಧನೆಯ ಹುಡುಗಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಪ್ರೊಫೆಸರಿಗೆ. ಮಧ್ಯಾಹ್ನ ಬಂದು, "ನೀವಿದನ್ನ ಮುಟ್ಟಬೇಡಿ ಅಮ್ಮ. ಬೇರೆಯವರಿಗೆ ಹೇಳ್ತೀನಿ," ಎಂದರು.

"ಯಾರಿಗೆ ಹೇಳ್ತೀರ ಸಾರ್, ಇರೋಳು ನಾನೊಬ್ಬಳೇ."

ಅಂಟಿದ್ದ ಹಳೇ ಗಾರೆಯನ್ನು ಕೆರೆದಳು. ಇಟ್ಟಿಗೆಗಳನ್ನು ಯಂತ್ರಕ್ಕೆ ಕೊಟ್ಟು ಜಲ್ಲಿಯಷ್ಟು ಮಾಡಿ ಜರಡಿ ಹಿಡಿದಳು. ಒಣಗಿದ್ದರೆ ಸಿಮೆಂಟಿನ ನೀರನ್ನೆಲ್ಲ ಹೀರಿಬಿಡುತ್ತವೆಂದು ತೊಟ್ಟಿಯಲ್ಲಿ ನೆನೆಹಾಕಿದಳು. ಗುಳ್ಳೆಗಳು ಏಳುತ್ತಲೇ ಇದ್ದವು. ಅಳು ಬರಬಹುದೇನೋ ಎಂದು ಸ್ವಲ್ಪ ಹೊತ್ತು ನಿಂತಳು, ಬರಲಿಲ್ಲ. ಸೊಂಟ ನೋಯುತ್ತಿತ್ತು, ಅಷ್ಟೇ. ಮನೆಯಲ್ಲಿ ಅತ್ತೆ, "ಕೈಯೆಲ್ಲ ಯಾಕೆ ಕೆಂಪಗಿದೆ?" ಎಂದಾಗ, "ಕೆಲಸ ಅತ್ತೆ," ಎಂದು ತಟ್ಟೆ ತೊಳೆಯಲು ಹೋದಳು. ಆ ರಾತ್ರಿಯೂ ನಿದ್ದೆ ಹತ್ತಲಿಲ್ಲ.

ಕಂಬಿ ಕಟ್ಟಿದ ಅಚ್ಚಿಗೆ ಕಾಂಕ್ರೀಟ್ ತುಂಬಿದ ಇಪ್ಪತ್ತೆಂಟನೆಯ ದಿನ ಬೀಮನ್ನು ಭಾರ ಹೇರಿ ಪರೀಕ್ಷಿಸುವ ಯಂತ್ರದ ಕೆಳಗಿಟ್ಟರು. ಹುಡುಗಿ ಭಾರ ಏರಿಸುತ್ತ ಅಂಕಿ ಹೇಳಿದಳು. ಇವಳು ಬಿರುಕು ಮೂಡಿದ ಕಡೆಯೆಲ್ಲ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ಅಂಕಿ ಬರೆದಳು. ಮೂವತ್ತು ಕಿಲೋನ್ಯೂಟನ್. ನಲವತ್ತು. ಬೀಮು ಬಾಗುತ್ತ ಹೋಯಿತು, ಮುರಿಯಲಿಲ್ಲ.

"ಇಷ್ಟು ತಡೆಯುತ್ತೆ ಅಂದ್ಕೊಂಡಿರಲಿಲ್ಲ," ಎಂದಳು ಹುಡುಗಿ. "ಇಟ್ಟಿಗೆ ಎಲ್ಲಿಂದು ಅಂತ ಬರೀಬೇಕು. ಯಾವ ಕಟ್ಟಡ ಇದು?"

"ಹಳೇ ಟಾಕೀಸು. ಕೆಡವೋಕೆ ನಮ್ಮನೆಯವರೂ ಹೋಗಿದ್ರು."

"ಹೌದಾ? ಈಗೆಲ್ಲಿ ಅವರಿಗೆ ಕೆಲಸ?"

"ಅವರಿಲ್ಲ ಈಗ. ಗೋಡೆ ಮೈಮೇಲೆ ಬಿತ್ತು." ಈ ಮಾತನ್ನು ಇಲ್ಲಿಯತನಕ ಬೇರೆಯವರೇ ಆಡಿದ್ದರು. ಬಾಯಿಂದ ಹೊರಬಂದದ್ದು ತನ್ನ ದನಿಯೇ ಎಂದು ತಿಳಿಯಲು ಅವಳಿಗೆ ತುಸು ಹೊತ್ತು ಹಿಡಿಯಿತು.

ಹುಡುಗಿಯ ಕೈ ಯಂತ್ರದ ಮೇಲೆಯೇ ನಿಂತಿತು.

"ಅಂಕಿ ಹೇಳಮ್ಮ," ಎಂದಳು ಇವಳು.

"ಐವತ್ತೆರಡು," ಎಂದಳು ಹುಡುಗಿ, ಕೇಳಿಸೀ ಕೇಳಿಸದ ಹಾಗೆ.

ಅರವತ್ತೊಂದಕ್ಕೆ ಬೀಮಿನ ಮೇಲ್ಭಾಗ ಪುಡಿಯಾಗಿ ಉದುರಿತು. ಇವಳು ಕೊನೆಯ ಗೆರೆ ಎಳೆದಳು.

ಸಂಜೆ ಬಸ್ಸಿನ ಕಿಟಕಿಗೆ ತಲೆ ಆನಿಸಿದ್ದಷ್ಟೇ ನೆನಪು. ಕಂಡಕ್ಟರು ಸೀಟು ತಟ್ಟಿ, "ಅಮ್ಮಾ, ಕೊನೇ ಸ್ಟಾಪು," ಎಂದ. ಅವಳು ಇಳಿಯಬೇಕಾದ ಜಾಗ ದಾಟಿ ಬಹಳ ಹೊತ್ತಾಗಿತ್ತು.

"ಇದೇ ಬಸ್ಸು ವಾಪಸ್ ಹೋಗುತ್ತಾ?"

"ಹೋಗುತ್ತೆ, ಹತ್ತು ನಿಮಿಷ. ಮಲಗಿರಿ ಬೇಕಾದ್ರೆ."

ಎಂಜಿನ್ ನಿಂತಿತು. ಖಾಲಿ ಬಸ್ಸಿನಲ್ಲಿ ಅವಳು ಚಪ್ಪಲಿ ಬಿಟ್ಟು, ಕಾಲು ಮಡಚಿ ಸೀಟಿನ ಮೇಲಿಟ್ಟುಕೊಂಡಳು.