ಹತ್ತರವರೆಗೆ ಎಣಿಸಿ

ಮೈಕು ಕುಂಯ್ ಎನ್ನುತ್ತದೆ, ಮೊದಲ ಸಾಲಿನಲ್ಲಿ ಕೂತ ಮೇಡಂಗೆ ಆ ಸದ್ದು ಹಲ್ಲಿನ ಬೇರಿಗೇ ಇಳಿಯುತ್ತದೆ — ಪಾಪು ಇದ್ದಿದ್ದರೆ ಎರಡೂ ಕಿವಿ ಮುಚ್ಚಿಕೊಂಡು ಅಕ್ಕನ ತೋಳಿಗೆ ಹಣೆ ಒತ್ತುತ್ತಿದ್ದಳು, ಮಾತು ಬಾರದ ತಂಗಿ, ಮೂವತ್ತನಾಲ್ಕು ತುಂಬಿದರೂ ಎಲ್ಲರ ಬಾಯಲ್ಲೂ ಪಾಪುವೇ — ವಿಶ್ವವಿದ್ಯಾಲಯದ ಈ ವರ್ಷದ ಅತ್ಯುತ್ತಮ ಬೋಧಕಿ, ವಿಶೇಷ ಶಿಕ್ಷಣ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ, ನಿರೂಪಕಿ ಓದುತ್ತಿದ್ದಾಳೆ, ಅವಳೂ ಹಳೆಯ ವಿದ್ಯಾರ್ಥಿನಿಯೇ, ಮಗುವನ್ನ ಒಂದು ಪ್ರಶ್ನೆ ಕೇಳಿದ್ಮೇಲೆ ಬಾಯಿ ಮುಚ್ಕೊಂಡು ಮನಸ್ಸಲ್ಲೇ ಹತ್ತರವರೆಗೆ ಎಣಿಸಿ, ಉತ್ತರ ನಿಮ್ಮ ಆತುರಕ್ಕೆ ಬರಲ್ಲ ಅಂತ ಮೇಡಂ ಕಲಿಸಿದ್ರು, ಸಭೆ ನಗುತ್ತದೆ, ಮೂರಕ್ಕೇ ಬಾಯಿ ಬಿಟ್ಟವರನ್ನು ಏನಪ್ಪಾ ರೈಲು ತಪ್ಪುತ್ತಾ ಎಂದು ಕಾಡುತ್ತಿದ್ದುದು ಯಾರಿಗೂ ಮರೆತಿಲ್ಲ, ದೀಪದ ಬುಡದಲ್ಲೇ ಕತ್ತಲು, ಮನೆಯಲ್ಲಿ ಒಂದು ದಿನವಾದರೂ ಎಣಿಸಿದ್ದುಂಟೇ, ಎಂಟೂವರೆಗೆ ತರಗತಿ, ಚಪ್ಪಲಿ ಒಂದೇ ಕಾಲಿಗೆ, ಪಾಪು ಚಿತ್ರಗಳ ಹಲಗೆ ಮುಂದಿಟ್ಟುಕೊಂಡು ಬೆರಳು ಎತ್ತಿದ್ದಾಳೆ, ಬೆರಳು ನಡುಗುತ್ತಾ ತನಗೆ ಬೇಕಾದ ಚಿತ್ರ ಹುಡುಕುತ್ತದೆ, ನೀರು ತಾನೆ, ಗೊತ್ತು ಕಣೇ, ತಗೋ — ನೀರೇ ಆಗಿರುತ್ತಿತ್ತು, ಹೆಚ್ಚಿನ ಸಲ ಸರಿಯೇ ಇರುತ್ತಿತ್ತು, ನಿನ್ನ ಮನಸ್ಸಲ್ಲಿರೋದೆಲ್ಲ ನಂಗೊತ್ತು ಎಂಬ ಜಂಬ ಬೇರೆ, ಪಾಪು ನಗುತ್ತಾ ಬೆರಳು ಮಡಚಿಕೊಳ್ಳುತ್ತಿದ್ದಳು.

ಮೇಡಂ, ದಯವಿಟ್ಟು ವೇದಿಕೆಗೆ ಬನ್ನಿ, ಚಪ್ಪಾಳೆ, ಮೂರು ಮೆಟ್ಟಿಲು, ಆಸ್ಪತ್ರೆಯಲ್ಲೂ ಮೂರೇ ಮೆಟ್ಟಿಲು, ಒಂದೊಂದಕ್ಕೂ ಪಾಪು ನಿಂತು ಉಸಿರು ಎಳೆದುಕೊಂಡಿದ್ದಳು, ಬೇಗ ಬಾರೇ, ಮಧ್ಯಾಹ್ನ ಪಾಠ ಇದೆ ನಂಗೆ, ಡಾಕ್ಟರು ಒಳ್ಳೆಯವರು, ಅವಳ ಎದುರಿಗೇ ಕೂತರು, ಎಲ್ಲಮ್ಮ ನೋವು, ತೋರ್ಸು, ತೊಡೆಯ ಮೇಲೆ ಮೈಯ ಚಿತ್ರ ಬರೆದ ಹಾಳೆ, ಬೆರಳು ಎದ್ದಿತು, ಒಂದು, ಎರಡು, ಹೊಟ್ಟೆ ಡಾಕ್ಟ್ರೇ, ಇವಳಿಗೆ ಯಾವಾಗ್ಲೂ ಗ್ಯಾಸೇ, ಇಂಥವ್ರ ಬಗ್ಗೇನೇ ನಾನು ಪಾಠ ಮಾಡೋದು, ಅಷ್ಟು ಓದಿದವರು ಹೇಳಿದ ಮೇಲೆ ಮುಗಿಯಿತಲ್ಲ, ಡಾಕ್ಟರು ಬರೆದುಕೊಂಡರು, ಮಾತ್ರೆ, ಮನೆ, ಮೂರನೆಯ ದಿನ ಬೆಳಗ್ಗೆ ಹಲ್ಲುಜ್ಜುತ್ತಾ ಕುಸಿದಳು, ಮತ್ತೆ ಏಳಲಿಲ್ಲ, ಹೃದಯ ಕಣ್ರೀ, ಒಂದು ವಾರದಿಂದ ಎದೆ ನೋವು ಇದ್ದಿರ್ಬೇಕು ಎಂದರು ಡಾಕ್ಟರು, ಅಮ್ಮ ಕೂಡ ಬೈಯಲಿಲ್ಲ, ನಿನ್ನ ಹಾಗೆ ಯಾರು ನೋಡ್ಕೋತಿದ್ರು ಮಗಳೇ ಎಂದು ತಲೆ ನೇವರಿಸಿದರು, ಯಾರಾದರೂ ಒಬ್ಬರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆನಲ್ಲ, ಶಾಲು, ಫಲಕ, ಎರಡು ಮಾತಾಡಿ ಮೇಡಂ, ಮೈಕಿನ ಮುಂದೆ ತುಟಿ ತೆರೆಯುತ್ತದೆ, ಏನೂ ಬರುವುದಿಲ್ಲ, ಸಭೆಯಲ್ಲಿ ಕೆಮ್ಮೂ ಇಲ್ಲ, ಎಲ್ಲ ಇವರ ಕೈಯಲ್ಲೇ ಕಲಿತವರು, ಕಾಯುತ್ತಿದ್ದಾರೆ, ಮನಸ್ಸಲ್ಲೇ ಎಣಿಸುತ್ತಿದ್ದಾರೆ, ಯಾರೂ ಮಾತು ತುಂಬಿಕೊಡುವುದಿಲ್ಲ, ಐದು, ಆರು, ಅಂದು ಪಾಪುವಿನ ಬೆರಳು ಹೊಟ್ಟೆಯ ಮೇಲೆ ನಿಂತಿರಲಿಲ್ಲ, ಮೇಡಂ ಕಂಡಿದ್ದರು, ಕಂಡೂ ಹೊಟ್ಟೆ ಎಂದಿದ್ದರು, ಏಳು, ಹೊಟ್ಟೆ ದಾಟಿ ಮೇಲಕ್ಕೆ ಹೋಗುತ್ತಿದ್ದ ಬೆರಳು, ಎಂಟು, ಅಕ್ಕನ ದನಿ ಕೇಳಿ ಅಲ್ಲೇ ನಿಂತ ಬೆರಳು, ಆ ಬೆರಳು —