ಎಡಸೀಟಿನಡಿಯ ಟ್ಯಾಂಕು

ಹೊಸನಗರದ ಶಿವರಾಮನ ಗ್ಯಾರೇಜಿಗೆ ಪೂರ್ಣೇಶ ಅಪ್ಪನ ಕಾಲದ ಜೀಪು ತಂದಿದ್ದು ಎರಡನೇ ಡೀಸೆಲ್ ಟ್ಯಾಂಕ್ ಹಾಕಿಸಲಿಕ್ಕೆ. ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಕೆಲಸ ಅವನದು. ಆ ಕಡೆ ಬಂಕ್ ದೂರ.

ಎಡಗಡೆಯ ಸೀಟು ಎತ್ತಿದ ಶಿವರಾಮ ಹಾಗೇ ನಿಂತುಬಿಟ್ಟ. ತಗಡಿನಲ್ಲಿ ನಾಲ್ಕು ತೂತು, ವೆಲ್ಡ್ ಮಾಡಿ ಮುಚ್ಚಿದಂಥವು.

"ಇಲ್ಲಿ ಮೊದ್ಲೂ ಟ್ಯಾಂಕಿತ್ತಾ ಶಿವರಾಮಣ್ಣ?"

"ನಾನೇ ಹಾಕಿದ್ದು. ಬಿಚ್ಚಿದ್ದೂ ನಾನೇ." ಶಿವರಾಮ ಕೈ ಒರೆಸಿಕೊಂಡ. "ನಿಮ್ಮಪ್ಪ ಹೋಗಿ ನಾಲ್ಕು ವರ್ಷ ಆಯ್ತಲ್ಲ, ಇನ್ನು ಹೇಳ್ಬೋದು. ನಿಮ್ಮೂರ ಕೆರಿಯಮ್ಮನ ಗಂಡಂಗೆ ಹಾವು ಕಚ್ಚಿದ ದಿನ ಆಸ್ಪತ್ರೆ ದಾರೀಲಿ ಈ ಜೀಪು ನಿಂತಿದ್ದು ಗೊತ್ತಲ್ಲ? ಮಾರನೇ ದಿನ ನಿಮ್ಮಪ್ಪ ಚಂದ್ರಯ್ಯಗೌಡ್ರು ಟ್ಯಾಂಕ್ ಬಿಚ್ಚಿಸೋಕೆ ಇಲ್ಲಿಗೆ ಬಂದ್ರು. ಈ ಟ್ಯಾಂಕ್ ತುಂಬ ಡೀಸೆಲ್ ಇತ್ತು ಮಾರಾಯ. ಹೊಸದಾಗಿ ಹಾಕ್ಸಿದ್ದು. ಮೊದ್ಲಿನ ಟ್ಯಾಂಕ್ ಖಾಲಿಯಾದಾಗ ಗಾಬ್ರೀಲಿ ಡೀಸೆಲ್ ಬಿಡೋ ಕಾಕನ್ನ ಈ ಟ್ಯಾಂಕಿಗೆ ತಿರುಗ್ಸೋದೇ ಮರ್ತಿದ್ರು."

ಊರಿಗೆಲ್ಲ ಗೊತ್ತಿದ್ದ ಕಥೆಯೇ ಬೇರೆ. ಡೀಸೆಲ್ ಮುಗಿಯಿತು, ಚಂದ್ರಯ್ಯ ಉರಿಬಿಸಿಲಲ್ಲಿ ಐದು ಮೈಲಿ ಓಡಿ ಕ್ಯಾನು ಹೊತ್ತು ತಂದರು, ಅಷ್ಟರಲ್ಲಿ ಜೀವ ಹೋಗಿತ್ತು. ಈ ಸೀಟಿನಲ್ಲೇ, ತುಂಬಿದ ಟ್ಯಾಂಕಿನ ಮೇಲೆ.

ಅಪ್ಪ ಎಲ್ಲಿಗೆ ಹೊರಟರೂ ಮೊದಲು ಸೀಟು ಎತ್ತಿ ಖಾಲಿ ತಗಡನ್ನು ನೋಡುತ್ತ ನಿಲ್ಲುತ್ತಿದ್ದರು. ಕೊನೆಯ ದಿನಗಳಲ್ಲಿ, ಹಾಸಿಗೆಯಲ್ಲಿ ಮಲಗಿದ್ದಾಗಲೂ, ಅವರ ಬಲಗೈ ಗಾಳಿಯಲ್ಲಿ ಏನನ್ನೋ ತಿರುಗಿಸುತ್ತಿತ್ತು. ಜ್ವರದ ಭ್ರಮೆ ಎಂದುಕೊಂಡಿದ್ದ ಪೂರ್ಣೇಶ.

ಹೊಸ ಟ್ಯಾಂಕ್ ಕೂತಿತು, ಡೀಸೆಲ್ ತುಂಬಿತು. ಪ್ರತಿ ತಿರುವಿನಲ್ಲೂ ಪಕ್ಕದ ಸೀಟಿನಡಿ ಅದು ಕುಲುಕುವ ಸದ್ದು. ಯಾರೋ ಕೂತು ಮಗ್ಗುಲು ಬದಲಿಸಿದ ಹಾಗೆ. ಮೂರು ದಿನ ತಡೆದುಕೊಂಡ. ನಾಲ್ಕನೆಯ ಬೆಳಿಗ್ಗೆ ಕೆರಿಯಮ್ಮನ ಅಂಗಳದಲ್ಲಿ ಜೀಪು ನಿಲ್ಲಿಸಿ, ಒಂದನ್ನೂ ಬಿಡದೆ ಹೇಳಿದ.



"ಗೌಡ್ರು ನಂಗೆ ಹೇಳ್ಬೋದಿತ್ತು," ಎಂದಳು ಮುದುಕಿ. "ನಾಟಿ ಔಷ್ಧಿ ಸಾಕು ಅಂತ ಅವತ್ತು ಒಂದು ಗಂಟೆ ತಡ ಮಾಡಿದ್ದು ನಾನು. ನಾನೇ ಕೊಂದೆ ಅಂತ ಇಷ್ಟು ವರ್ಷ ಒಬ್ಳೇ ಸುಟ್ಕೊಂಡೆ ಮಗಾ. ಹೇಳಿದ್ರೆ ಇಬ್ರೂ ಕೂತು ಅಳ್ತಿದ್ವಿ."

ಅವಳು ಜೀಪಿನ ಬಳಿ ಬಂದು ಎಡಸೀಟಿನ ಮೇಲೆ ಅಂಗೈ ಇಟ್ಟಳು. ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳೊಬ್ಬಳೇ ಇರುವ ಮನೆ. ಆದರೂ ಒಳಗಿಂದ ದನಿ ಕೇಳಿಸಿತು, ಯಾರಿಗೋ ನಿಧಾನವಾಗಿ, ಮೊದಲಿನಿಂದ ಎಲ್ಲವನ್ನೂ ತಿಳಿಸಿ ಹೇಳುವ ದನಿ. ಅದು ನಿಲ್ಲುವವರೆಗೂ ಪೂರ್ಣೇಶ ಜೀಪು ಸ್ಟಾರ್ಟ್ ಮಾಡಲಿಲ್ಲ.