ಸೂರ್ಯ ಮುಳುಗದ ಪೆಟ್ಟಿಗೆ

ಪ್ರಯೋಗಾಲಯದ ಮೂಲೆಯ ಗಾಜಿನ ಪೆಟ್ಟಿಗೆಯೊಳಗೆ ದೀಪ ಆರುತ್ತಲೇ ಇರಲಿಲ್ಲ. ಸೌರಕೋಶ ಎಷ್ಟು ಕಾಲ ಬಾಳುತ್ತದೆಂದು ಬೇಗ ತಿಳಿಯಬೇಕಾದರೆ ಅದಕ್ಕೆ ಬಿಡುವಿಲ್ಲದೆ ಬೆಳಕು ಹಾಯಿಸಬೇಕು ಎಂಬುದು ಅಲ್ಲಿನವರ ಪದ್ಧತಿ. ಕೋಶ ತಯಾರಿಸುವುದು ಅಲ್ಲಿನ ಯುವ ವಿಜ್ಞಾನಿಯೊಬ್ಬಳ ಕೆಲಸ, ಅಳೆಯುವುದು ಅವಳ ಅಕ್ಕನ ಗಂಡನದು. ಮನೆಯಲ್ಲಿ ಭಾವ, ಇಲ್ಲಿ ಯಮ ಎಂದು ಅವಳು ಅವರನ್ನು ರೇಗಿಸುವುದಿತ್ತು.

ಅವಳದು ಜೋಡಿ ಕೋಶ. ಕೆಳಗೆ ಸಿಲಿಕಾನ್, ಮೇಲೆ ಪೆರೊವ್‌ಸ್ಕೈಟ್ ಎಂಬ ಹರಳಿನ ಲೇಪ, ತಲೆಗೂದಲಿನ ನೂರರಲ್ಲೊಂದು ಪಾಲಿನಷ್ಟು ತೆಳು. ಲೇಪ ನೀಲಿ ಬೆಳಕನ್ನು ತಾನು ಹಿಡಿದು ಕೆಂಪನ್ನು ಕೆಳಕ್ಕೆ ಬಿಟ್ಟುಕೊಡುತ್ತದೆ. ಒಂದೇ ಬಿಸಿಲಿಗೆ ಎರಡು ಫಸಲು. ಆದರೆ ಲೇಪ ಬಾಳುತ್ತಿರಲಿಲ್ಲ. ಈ ಸಲದ ಕೋಶಗಳೂ ಕೈಕೊಟ್ಟರೆ ಲೇಪದ ಕೆಲಸಕ್ಕೇ ಮಂಗಳ ಹಾಡುವುದಾಗಿ ಪ್ರಯೋಗಾಲಯದ ಮುಖ್ಯಸ್ಥೆ ಹೇಳಿಬಿಟ್ಟಿದ್ದರು.

ಕೈಕೊಟ್ಟವು. ಶಕ್ತಿ ದಿನೇ ದಿನೇ ಇಳಿದು, ಕೊನೆಗೆ ಭಾವ "ಹೋಯ್ತಮ್ಮ" ಎಂದರು. ಅವಳು ತಾನೇ ದೀಪ ಆರಿಸಿ ಮನೆಗೆ ಹೋದಳು. ಊಟಕ್ಕೆ ಕೂತಾಗ ಅಕ್ಕ ಗಂಡನ ಮೇಲೆ ಹರಿಹಾಯ್ದಳು.

"ನಾದಿನಿ ಅಂತ ಒಂದೆರಡು ಅಂಕ ಜಾಸ್ತಿ ಹಾಕೋಕಾಗಲ್ವಾ ನಿಮಗೆ?"

"ಮೀಟರಿಗೆ ನೆಂಟಸ್ತನ ಗೊತ್ತಿಲ್ಲ ಕಣೇ."

ಮರುದಿನ ಬೆಳಿಗ್ಗೆ, ವರದಿಗೆ ಕೊನೆಯ ಅಳತೆ ಬೇಕೆಂದು ಭಾವ ಒಂದು ಕೋಶವನ್ನು ತಂತಿಗೆ ಸಿಕ್ಕಿಸಿದರು. ಪರದೆಯ ಮೇಲಿನ ಗೆರೆ ಏರಿತು. ಯಂತ್ರ ಕೆಟ್ಟಿರಬೇಕೆಂದು ಹಳೆಯ ಸಿಲಿಕಾನ್ ಕೋಶವನ್ನಿಟ್ಟು ನೋಡಿದರು. ಯಂತ್ರ ಸರಿಯಾಗಿಯೇ ಇತ್ತು. ಅಂಚು ಹಳದಿಗಟ್ಟಿದ್ದ ಎರಡು ಕೋಶಗಳು ಏಳಲಿಲ್ಲ. ಉಳಿದವೆಲ್ಲ ಮೊದಲ ದಿನದ ಮಟ್ಟಕ್ಕೆ ಹತ್ತಿರ ಬಂದಿದ್ದವು.

ಅವಳು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. ಬೆಳಕಿನಲ್ಲಿ ಹರಳಿನೊಳಗಿನ ಅಯಾನುಗಳೆಂಬ ವಿದ್ಯುತ್ ಕಣಗಳು ಜಾಗ ಬಿಟ್ಟು ಸರಿಯುತ್ತವೆಂದು ಅವಳು ಓದಿದ್ದಳು. ಕತ್ತಲು ಸಿಕ್ಕಿದ್ದೇ ತಡ ಅವು ಮರಳಿ ಬಂದಿರಬೇಕು. ಯಾರೂ ಕರೆದಿರಲಿಲ್ಲ, ಯಾರೂ ದಾರಿ ತೋರಿಸಿರಲಿಲ್ಲ.

ಮುಖ್ಯಸ್ಥೆ ಬಂದು, ಕೂರದೆ, ಇನ್ನೊಮ್ಮೆ ಅಳೆಯಿಸಿದರು. ಅವಳು ಹೇಳಿದಳು: "ಮೇಡಂ, ಯಾವ ಊರಿನ ಚಾವಣಿ ಮೇಲಿಟ್ಟರೂ ಇದಕ್ಕೆ ರಾತ್ರಿ ಸಿಗುತ್ತೆ. ನಾವು ಮಾತ್ರ ಕೊಟ್ಟೇ ಇಲ್ಲ."

ಒಂದು ರಾತ್ರಿ ಚೇತರಿಸಿಕೊಂಡರೆ ವರ್ಷಾನುಗಟ್ಟಲೆ ಬಾಳಿದಂತಲ್ಲ ಎಂದರು ಅವರು. ಹಗಲು ರಾತ್ರಿ ಸರದಿಯಲ್ಲಿ ಕೊಟ್ಟು ನೋಡಬೇಕು. ಅಲ್ಲಿಯವರೆಗೆ ಕೆಲಸ ನಿಲ್ಲಿಸುವ ಮಾತಿಲ್ಲ.

ದೀಪಕ್ಕೆ ಟೈಮರ್ ಕೂರಿಸಿದರು. ನಡುಮಧ್ಯಾಹ್ನ ಅದು ಟಕ್ಕೆಂದು ಆರಿತು. ಮೂವರೂ ಕಪ್ಪಾದ ಗಾಜಿನತ್ತ ಬಗ್ಗಿ ನಿಂತರು. ಏನೂ ಕಾಣುತ್ತಿರಲಿಲ್ಲ, ಆದರೂ ಯಾರೂ ಕದಲಲಿಲ್ಲ. ಕೊನೆಗೆ ಹೊರಗೆ ಬರುವಾಗ, ಯಾವತ್ತೂ ಗದರಿಯೇ ಮಾತಾಡುವ ಮುಖ್ಯಸ್ಥೆ ದನಿ ತಗ್ಗಿಸಿದರು.

"ಬಾಗಿಲು ಮೆಲ್ಲಗೆ ಹಾಕಿ."